ಬೇಳೆಗೆ ಒಳ್ಳೆಯ ನೀರು ಹೊಲಕ್ಕೂ ಒಳ್ಳೆಯದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೋರಿನ ನೀರಿನ ಬಗ್ಗೆಯೇ ಇವೆ. ಬೇಸಿಗೆಯ ಕೊನೆ, ನೀರು ತಳ ಹಿಡಿದಿದೆ, ಹೊಲದ ಮೇಲೆ ಬಿಳಿ ಉಪ್ಪು ಕಾಣುತ್ತಿದೆ, ಕೇಳದೆ ಏನು ಮಾಡ್ತೀರಿ. ಅದಕ್ಕೇ ಕೀಟ, ರೋಗದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಬರೆದಿದ್ದರು. ಆದ್ದರಿಂದ ಯಾರ ಹೆಸರೂ ಇಲ್ಲ, ಊರ ಕಡೆಯ ಗುರುತು ಮಾತ್ರ.

ಪ್ರಶ್ನೆ: ಸರ, ನಮಸ್ಕಾರ. ಮೂರು ಎಕರೆ ದ್ರಾಕ್ಷಿ ಐತಿ. ನೀರಿನ ಫಿಲ್ಟರ್ ಮಾರುವವರ ಹತ್ತಿರ ಇರುತ್ತಲ್ಲ, ಪೆನ್ನಿನಂಥ ಮೀಟರು, ಅದನ್ನು ತಂದು ಬೋರಿನ ನೀರಿಗೆ ಅದ್ದಿದೆ. 850 ತೋರಿಸಿತು. ಕುಡಿಯೋಕೆ 2000ದ ತನಕ ನಡೀತದ ಅಂತಾರ. ಹಂಗಾದರ ದ್ರಾಕ್ಷಿಗೆ ಏನೂ ತೊಂದರೆ ಇಲ್ಲ ಅಲ್ವಾ? ಆದರೂ ಎಲೆ ಅಂಚು ಸುಡಾಕತ್ತಾವ.
— ತಿಕೋಟಾ ಕಡೆಯ ಬೆಳೆಗಾರರು

ಉತ್ತರ: ಮೊದಲು ಆ ಪೆನ್ನಿನ ವಿಷಯ. ಅದು ಉಪ್ಪನ್ನು ತೂಗುವುದಿಲ್ಲ. ನೀರಿನಲ್ಲಿ ಕರೆಂಟು ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡುತ್ತದೆ, ಅಷ್ಟೆ. ಅದನ್ನು ಇಸಿ ಅಂತೀವಿ. ಆ ಇಸಿಯನ್ನು ಒಂದು ಅಂದಾಜಿನ ಸಂಖ್ಯೆಯಿಂದ ಗುಣಿಸಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಉಪ್ಪು, ಎಂದು ತೋರಿಸುತ್ತದೆ. ಅಗ್ಗದ ಪೆನ್ನುಗಳಲ್ಲಿ ಬಹಳಷ್ಟು 0.5ರಿಂದ ಗುಣಿಸುತ್ತವೆ, ನೀರಾವರಿಯ ಪುಸ್ತಕಗಳು 0.64 ಹಿಡಿಯುತ್ತವೆ. ನಿಮ್ಮ ಪೆನ್ನು 0.5ರದ್ದಾದರೆ 850 ಅಂದರೆ ಇಸಿ 1700 ಮೈಕ್ರೊ, ಲ್ಯಾಬಿನ ಲೆಕ್ಕದಲ್ಲಿ 1.7. ಅದನ್ನೇ 0.64ರ ಲೆಕ್ಕಕ್ಕೆ ತಂದರೆ ಲೀಟರಿಗೆ ಸುಮಾರು 1090 ಮಿಲಿಗ್ರಾಂ ಉಪ್ಪು. ಪೆನ್ನಿನ ಡಬ್ಬಿಯ ಮೇಲೆ ಯಾವ ಸಂಖ್ಯೆ ಬರೆದಿದೆ ನೋಡಿ. ಇಸಿಯನ್ನೇ ತೋರಿಸುವ ಬಟನ್ ಇದ್ದರೆ ಇನ್ನೂ ಒಳ್ಳೆಯದು, ಟಿಡಿಎಸ್ ಬಿಟ್ಟು ಅದನ್ನೇ ಬರೆದಿಟ್ಟುಕೊಳ್ಳಿ.

ಎರಡನೆಯದು, ಕುಡಿಯುವ ನೀರಿನ ಲೆಕ್ಕ ಹೊಲಕ್ಕೆ ಹೊಂದುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 500, ಬೇರೆ ನೀರೇ ಇಲ್ಲ ಅಂದಾಗ ಮಾತ್ರ 2000ದ ತನಕ. ಅದೂ ಮನುಷ್ಯರಿಗೆ. ನಾವು ಕುಡಿದ ನೀರಿನ ಉಪ್ಪು ಬೆವರಲ್ಲಿ, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಹೊಲಕ್ಕೆ ಬಚ್ಚಲೆಲ್ಲಿದೆ? ಬಳ್ಳಿ ನೀರು ಕುಡಿದು ಉಪ್ಪನ್ನು ಬೇರಿನ ಸುತ್ತ ಬಿಡುತ್ತದೆ, ಬಿಸಿಲು ಇನ್ನಷ್ಟು ನೀರನ್ನು ಎಳೆದುಕೊಂಡು ಉಪ್ಪನ್ನು ಅಲ್ಲೇ ಬಿಡುತ್ತದೆ. ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಲ್ಲಿಸಿದರೆ ಅದು ಸುಮಾರು ಒಂದು ಲಕ್ಷ ಲೀಟರ್. ನಿಮ್ಮ ನೀರಿನಲ್ಲಿ ಅಷ್ಟಕ್ಕೆ 109 ಕೆ.ಜಿ. ಉಪ್ಪು. ಗೊಬ್ಬರದ ಚೀಲದ ಲೆಕ್ಕದಲ್ಲಿ ಎರಡು ಚೀಲಕ್ಕಿಂತ ಜಾಸ್ತಿ, ಒಂದೇ ಇಂಚಿಗೆ.

ದ್ರಾಕ್ಷಿ ಉಪ್ಪಿಗೆ ಸ್ವಲ್ಪ ನಾಜೂಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 1985ರ ಕೋಷ್ಟಕದಲ್ಲಿ ದ್ರಾಕ್ಷಿಗೆ ನೀರಿನ ಇಸಿ 1.0ರ ತನಕ ಇಳುವರಿ ಕುಂದುವುದಿಲ್ಲ, 1.7ಕ್ಕೆ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ, 2.7ಕ್ಕೆ ನಾಲ್ಕರಲ್ಲಿ ಒಂದು. ನೀವು ಆ ಹತ್ತರಲ್ಲಿ ಒಂದರ ಜಾಗದಲ್ಲಿದ್ದೀರಿ. ಅದೂ ಕೊಟ್ಟ ನೀರಿನಲ್ಲಿ ನೂರಕ್ಕೆ 15-20 ಪಾಲು ಬೇರಿನ ಕೆಳಗೆ ಬಸಿದು ಹೋಗುತ್ತದೆ ಎಂದು ಹಿಡಿದ ಲೆಕ್ಕ. ಗರಸು ಮಡ್ಡಿಯಲ್ಲಿ ಬಸಿಯಬಹುದು, ದಪ್ಪ ಎರೆಯಲ್ಲಿ ಅಷ್ಟು ಬಸಿಯುವುದು ಕಷ್ಟ.

ಎಲೆ ಅಂಚು ಸುಡುವುದು ಕ್ಲೋರೈಡಿನಿಂದಲೂ ಇರಬಹುದು, ಪೊಟ್ಯಾಶ್ ಕೊರತೆಯಿಂದಲೂ ಇರಬಹುದು. ಕಣ್ಣಿಂದ ನೋಡಿ ಹೇಳುವ ಧೈರ್ಯ ನನಗಿಲ್ಲ, ಎಲೆ ತೊಟ್ಟಿನ ಪರೀಕ್ಷೆ ಮಾಡಿಸಿ. ನಿಮ್ಮ ಬಳ್ಳಿ ಡಾಗ್‌ರಿಜ್ ಬೇರಿನ ಮೇಲೆ ಕಸಿ ಮಾಡಿದ್ದೋ, ಸ್ವಂತ ಬೇರಿನದೋ ಬರೆದಿಲ್ಲ. ಡಾಗ್‌ರಿಜ್ ಆದರೆ ಉಪ್ಪನ್ನು ಜಾಸ್ತಿ ತಾಳುತ್ತದೆ, ನಮ್ಮ ಕಡೆ ಅದನ್ನು ತಂದದ್ದೇ ಅದಕ್ಕೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಉಲ್ಟಾ ಮಾಡುತ್ತಾರೆ. ಡ್ರಿಪ್‌ನಲ್ಲಿ ಉಪ್ಪು ಹಸಿ ಇರುವ ಜಾಗದ ಅಂಚಿಗೆ ಹೋಗಿ ಕೂಡುತ್ತದೆ. ಬೇಸಿಗೆ ಮುಗಿದು ಮೊದಲ ಸಣ್ಣ ಮಳೆ ಬಂದಾಗ ಡ್ರಿಪ್ ಬಂದ್ ಮಾಡಿದರೆ ಆ ಮಳೆ ಅಂಚಿನ ಉಪ್ಪನ್ನೆಲ್ಲ ತೊಳೆದು ಬೇರಿಗೇ ತಂದು ಬಿಡುತ್ತದೆ. ಜೋರು ಮಳೆ ಬಂದು ನೆಲ ಆಳಕ್ಕೆ ನೆನೆಯುವ ತನಕ, ಸಣ್ಣ ಮಳೆಯಲ್ಲಿ ಡ್ರಿಪ್ ನಡೆಯಲಿ.

ಪ್ರಶ್ನೆ: ಅಣ್ಣಾರ, ನಮ್ಮ ಬೋರಿನ ನೀರು ಬಾಳ ಚಲೋ. ತೊಗರಿ ಬೇಳೆ ಎರಡು ಸೀಟಿಗೆ ಬೇಯ್ತದ, ಅರಿವಿ ಒಗೆದ್ರ ನೊರೆ ನೊರೆ. ಓಣಿಯವರೆಲ್ಲ ನಮ್ಮ ಮನಿಗೇ ಬಂದು ನೀರು ಒಯ್ತಾರ, ನಮ್ಮ ಅತ್ತಿಗೆ ಅದರ ಹಮ್ಮು ಬ್ಯಾರೆ. ಆದ್ರ ಅದೇ ನೀರು ಹಾಯಿಸಿದ ಎರಿ ಹೊಲ ವರ್ಷದಿಂದ ವರ್ಷಕ್ಕ ಕಲ್ಲಾಗಾಕತ್ತದ. ಮಳಿ ಬಂದ್ರ ಇಂಗೂದಿಲ್ಲ, ನಿಂತ ಜಾಗದಾಗ ಕರೀ ಜಿಡ್ಡಿನಂಥದ್ದು ಕಾಣತದ. ನೀರಿನ ತಪ್ಪಾ, ಮಣ್ಣಿನ ತಪ್ಪಾ?
— ಬೀಳಗಿ ತಾಲೂಕಿನಿಂದ ಒಬ್ಬ ತಂಗಿ

ಉತ್ತರ: ತಂಗಿ, ಈ ಸಲದ ಪತ್ರಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ನಿನ್ನದು. ನಿಮ್ಮ ಅತ್ತೆಗೆ ಬೇಜಾರಾಗದಂತೆ ಹೇಳು, ಬೇಳೆ ಬೇಗ ಬೇಯುವುದೇ ನನಗೆ ಅನುಮಾನ ತಂದ ವಿಷಯ.

ಬೇಳೆ ಬೇಯದಂತೆ ತಡೆಯುವುದು, ಸೋಪು ನೊರೆ ಬಾರದಂತೆ ಮಾಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅವು ಜಾಸ್ತಿ ಇರುವ ನೀರನ್ನು ಗಡಸು ನೀರು ಅಂತೀವಿ. ಕಡಲೆ ಬೇಗ ಬೇಯಲಿ ಎಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತೇವಲ್ಲ, ಆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ಕೆಲವು ಬೋರುಗಳಲ್ಲಿ ಆ ಸೋಡಾ ಭೂಮಿಯೊಳಗೇ ಕರಗಿ ಬಂದಿರುತ್ತದೆ. ಅಡುಗೆಮನೆಗೆ ಅದು ವರ, ಎರೆ ಹೊಲಕ್ಕೆ ಅದೇ ಶಾಪ. ನಾಲಿಗೆಗೆ ಉಪ್ಪು ಅನ್ನಿಸುವುದೂ ಇಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಹೊಲದಲ್ಲಿ ನಡೆಯುವುದು ಹೀಗೆ. ಎರೆ ಮಣ್ಣಿನ ಸಣ್ಣ ಕಣಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಹಿಡಿದು ಹರಳು ಹರಳಾಗಿ ಇಟ್ಟಿರುತ್ತದೆ. ಆ ಹರಳುಗಳ ನಡುವಿನ ಸಂದಿಯಲ್ಲೇ ನೀರು ಇಂಗುವುದು, ಬೇರು ಉಸಿರಾಡುವುದು. ನೀರಿನ ಬೈಕಾರ್ಬೊನೇಟ್ ಆ ಕ್ಯಾಲ್ಸಿಯಂ ಹಿಡಿದು ಸುಣ್ಣವಾಗಿ ಕೂಡಿಸುತ್ತದೆ, ಖಾಲಿಯಾದ ಜಾಗಕ್ಕೆ ಸೋಡಿಯಂ ಬಂದು ಕೂಡುತ್ತದೆ. ಸೋಡಿಯಂಗೆ ಕಣಗಳನ್ನು ಹಿಡಿದಿಡುವ ಗುಣ ಇಲ್ಲ. ಹರಳು ಒಡೆದು ರಾಡಿಯಾಗುತ್ತದೆ, ಸಂದಿ ಮುಚ್ಚುತ್ತದೆ, ಒಣಗಿದ ಮೇಲೆ ಕಲ್ಲು. ಆ ಕರಿ ಜಿಡ್ಡು ಮಣ್ಣಿನ ಸಾರ ಕರಗಿ ಮೇಲೆ ಬಂದದ್ದು, ವರ್ಷಗಟ್ಟಲೆ ಹಾಕಿದ ತಿಪ್ಪೆಗೊಬ್ಬರದ ಪಾಲೂ ಅದರಲ್ಲಿದೆ.

ಬೋರಿನ ನೀರು ಹಾಯಿಸುವಾಗ ಅಷ್ಟು ಗೊತ್ತಾಗುವುದಿಲ್ಲ, ಮಳೆ ಬಂದಾಗ ಬಯಲಾಗುತ್ತದೆ, ಅಲ್ವಾ? ಬೋರಿನ ನೀರಿನಲ್ಲಿ ಇರುವ ಉಪ್ಪೇ ಕಣಗಳನ್ನು ಅಷ್ಟಿಷ್ಟು ಕೂಡಿಸಿ ಇಟ್ಟಿರುತ್ತದೆ, ಮಳೆ ನೀರಿನಲ್ಲಿ ಉಪ್ಪೇ ಇಲ್ಲ, ಬಿದ್ದ ಕೂಡಲೇ ಸೋಡಿಯಂ ತುಂಬಿದ ಮಣ್ಣು ಚದುರಿ ರಾಡಿಯಾಗಿ ಬಾಯಿ ಮುಚ್ಚುತ್ತದೆ. ಅದಕ್ಕೇ ಜನ ಮಳೆಯನ್ನು ಬೈಯುತ್ತಾರೆ, ನೀರಿನ ಮೇಲೆ ಯಾರಿಗೂ ಅನುಮಾನ ಇಲ್ಲ.

ದುಡ್ಡಿಲ್ಲದ ಒಂದು ಪರೀಕ್ಷೆ ಮನೆಯಲ್ಲೇ ಮಾಡು. ಕಲ್ಲಾದ ಹೊಲದಿಂದ ಕಡಲೆ ಕಾಳಿನಷ್ಟು ಒಣ ಹೆಂಟೆ ತಗೊ. ಗಾಜಿನ ಲೋಟದಲ್ಲಿ ಮಳೆ ನೀರು ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಕಿ ಅದರಲ್ಲಿ ಮೆಲ್ಲಗೆ ಬಿಡು. ಅಲ್ಲಾಡಿಸಬಾರದು, ಮಕ್ಕಳ ಕೈಗೂ ಸಿಗಬಾರದು. ಎರಡು ತಾಸು ಬಿಟ್ಟು ನೋಡು, ಮರುದಿನ ಇನ್ನೊಮ್ಮೆ ನೋಡು. ಹೆಂಟೆ ಒಡೆದು ಪುಡಿಯಾಗಿ ನೀರು ತಿಳಿಯಾಗೇ ಇದ್ದರೆ ಭಯವಿಲ್ಲ, ಎರೆ ಮಣ್ಣು ಹಾಗೆ ಒಡೆಯುವುದು ಸಹಜ. ಹೆಂಟೆಯ ಸುತ್ತ ಹಾಲು ಕಲಸಿದಂಥ ಮೋಡ ಎದ್ದರೆ ಸೋಡಿಯಂ ಕೂತಿದೆ ಅಂತ ತಿಳಿ. ನೀರು ಹಾಯಿಸದ ಪಕ್ಕದ ಒಡ್ಡಿನ ಹೆಂಟೆಯನ್ನೂ ಇನ್ನೊಂದು ಲೋಟದಲ್ಲಿ ಇಟ್ಟು ಹೋಲಿಸು, ಆಗ ತಪ್ಪು ನೀರಿನದೋ ಮಣ್ಣಿನದೋ ನಿನಗೇ ಕಾಣುತ್ತದೆ.

ಒಂದು ಎಚ್ಚರ. ನೊರೆ ಬರುವ ನೀರೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಾಲುವೆ ನೀರು, ಕೆರೆಯ ಹೊಸ ನೀರು ಕೂಡ ನೊರೆ ಬರುತ್ತದೆ, ಅದರಲ್ಲಿ ಉಪ್ಪೇ ಕಡಿಮೆ. ಬೋರಿನ ನೀರು ಮೃದುವಾಗಿದ್ದೂ ಇಸಿ ಒಂದರ ಮೇಲಿದ್ದರೆ ಅನುಮಾನ ಪಡು, ಲ್ಯಾಬಿಗೆ ಕಳಿಸು. ಏನೇನು ಕೇಳಬೇಕು ಅನ್ನುವುದು ಕೆಳಗಿನ ಪತ್ರದಲ್ಲಿದೆ.

ಪ್ರಶ್ನೆ: ಲ್ಯಾಬಿನ ವರದಿ ಕಳಿಸಿದ್ದೇನೆ. ಪಿಎಚ್ 8.3, ಇಸಿ 1.4, ಸೋಡಿಯಂ 230, ಕ್ಯಾಲ್ಸಿಯಂ 40, ಮೆಗ್ನೀಸಿಯಂ 24, ಬೈಕಾರ್ಬೊನೇಟ್ 488, ಕಾರ್ಬೊನೇಟ್ ಇಲ್ಲ, ಕ್ಲೋರೈಡ್ 142, ಸಲ್ಫೇಟ್ 96, ಎಲ್ಲ ಲೀಟರಿಗೆ ಮಿಲಿಗ್ರಾಂ. ಕೆಳಗೆ ನೀರಾವರಿಗೆ ಯೋಗ್ಯ ಅಂತ ಸೀಲು ಹೊಡೆದಿದ್ದಾರೆ. ಕಬ್ಬಿಗೆ ಹಾಯಿಸಬಹುದಾ?
— ಅಥಣಿ ತಾಲೂಕು

ಉತ್ತರ: ಇಷ್ಟು ಪೂರ್ತಿ ವರದಿ ಕಳಿಸಿದ್ದಕ್ಕೆ ಧನ್ಯವಾದ. ಬಹಳ ಜನ ಪಿಎಚ್ ಮತ್ತು ಟಿಡಿಎಸ್ ಎರಡೇ ಮಾಡಿಸಿ ಬರುತ್ತಾರೆ. ಅದು ಜ್ವರ ಎಷ್ಟಿದೆ ಅಂತ ಮಾತ್ರ ನೋಡಿ ಬಂದ ಹಾಗೆ.

ಮಿಲಿಗ್ರಾಂನಲ್ಲಿ ಇದ್ದರೆ ಒಂದನ್ನೊಂದು ಹೋಲಿಸಲು ಆಗುವುದಿಲ್ಲ, ಒಂದೊಂದರ ತೂಕ ಬೇರೆ. ಹಾಗಾಗಿ ಮಿಲಿ ಈಕ್ವಿವಲೆಂಟ್‌ಗೆ ತರಬೇಕು. ಹೆಸರು ಕೇಳಿ ಹೆದರಬೇಡಿ, ಭಾಗಾಕಾರ ಅಷ್ಟೆ. ಸೋಡಿಯಂ ಅನ್ನು 23ರಿಂದ, ಕ್ಯಾಲ್ಸಿಯಂ ಅನ್ನು 20ರಿಂದ, ಮೆಗ್ನೀಸಿಯಂ ಅನ್ನು 12ರಿಂದ, ಬೈಕಾರ್ಬೊನೇಟ್ ಅನ್ನು 61ರಿಂದ, ಕ್ಲೋರೈಡ್ ಅನ್ನು 35.5ರಿಂದ, ಸಲ್ಫೇಟ್ ಅನ್ನು 48ರಿಂದ ಭಾಗಿಸಿ. ನಿಮಗೆ ಬರುವುದು ಸೋಡಿಯಂ 10, ಕ್ಯಾಲ್ಸಿಯಂ 2, ಮೆಗ್ನೀಸಿಯಂ 2, ಬೈಕಾರ್ಬೊನೇಟ್ 8, ಕ್ಲೋರೈಡ್ 4, ಸಲ್ಫೇಟ್ 2.

ಮೊದಲು ವರದಿಯನ್ನೇ ಪರೀಕ್ಷೆ ಮಾಡಿ. ಮೊದಲ ಮೂರು ಕೂಡಿಸಿದರೆ 14, ಉಳಿದ ಮೂರು ಕೂಡಿಸಿದರೂ 14. ಇಸಿಯನ್ನು ಹತ್ತರಿಂದ ಗುಣಿಸಿದರೂ 14. ತಾಳೆ ಆಯಿತು, ಲ್ಯಾಬಿನವರು ಕೆಲಸ ಸರಿಯಾಗಿ ಮಾಡಿದ್ದಾರೆ. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಪರವಾಗಿಲ್ಲ, ಒಂದು ಕಡೆ 14 ಇನ್ನೊಂದು ಕಡೆ 9 ಬಂದರೆ ಆ ಕಾಗದ ನಂಬಬೇಡಿ.

ಆದರೆ ಸೀಲಿನ ಮಾತು ನಾನು ಒಪ್ಪುವುದಿಲ್ಲ. ಅವರು ನೋಡಿರುವುದು ಇಸಿ ಮತ್ತು ಎಸ್‌ಎಆರ್ ಇರಬೇಕು. ಇಸಿ 1.4 ಕಬ್ಬಿಗೆ ಅಂಥ ದೊಡ್ಡ ತೊಂದರೆ ಅಲ್ಲ, 1.1 ದಾಟಿದ ಮೇಲೆ ಇಳುವರಿ ಮೆಲ್ಲಗೆ ಇಳಿಯುತ್ತದೆ. ಎಸ್‌ಎಆರ್ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎದುರು ಸೋಡಿಯಂ ಎಷ್ಟು ಜೋರಾಗಿದೆ ಅನ್ನುವ ಲೆಕ್ಕ: ಕ್ಯಾಲ್ಸಿಯಂ ಮೆಗ್ನೀಸಿಯಂ ಕೂಡಿಸಿ, ಅರ್ಧ ಮಾಡಿ, ವರ್ಗಮೂಲ ತೆಗೆದು, ಅದರಿಂದ ಸೋಡಿಯಂ ಅನ್ನು ಭಾಗಿಸಬೇಕು. ನಿಮ್ಮದು 7. ಅಮೆರಿಕದವರ 1954ರ ಹಳೆಯ ಕೋಷ್ಟಕದಲ್ಲಿ ಹತ್ತರ ಒಳಗೆ ಇದ್ದರೆ ಪಾಸ್.

ಅವರು ಬಿಟ್ಟದ್ದು ಆರ್‌ಎಸ್‌ಸಿ, ಅಂದರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡಿದು ಮುಗಿಸಿದ ಮೇಲೂ ಉಳಿಯುವ ಬೈಕಾರ್ಬೊನೇಟಿನ ಲೆಕ್ಕ. ಬೈಕಾರ್ಬೊನೇಟ್ ಕಾರ್ಬೊನೇಟ್ ಕೂಡಿಸಿ ಅದರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಕಳೆಯಬೇಕು. 8ರಲ್ಲಿ 4 ಹೋದರೆ 4 ಉಳಿಯಿತು. 1.25ರ ಒಳಗಿದ್ದರೆ ನಿಶ್ಚಿಂತೆ, 2.5ರ ತನಕ ಹುಷಾರಾಗಿ ಬಳಸಬಹುದು, ಅದರ ಮೇಲೆ ಎರೆ ಹೊಲಕ್ಕೆ ಸುಮ್ನೆ ಬಿಡಬಾರದು. ನಿಮ್ಮದು ಬೀಳಗಿಯ ತಂಗಿ ಹೇಳಿದ ಜಾತಿಯ ನೀರೇ. ನಿಮ್ಮ ಮನೆಯಲ್ಲಿ ಬೇಳೆ ಬೇಗ ಬೇಯುತ್ತದಾ ಅಂತ ಕೇಳಿ ನೋಡಿ!

ಔಷಧ ಜಿಪ್ಸಂ, ಅಂದರೆ ನೀರಿನಲ್ಲಿ ಕರಗಿ ಕ್ಯಾಲ್ಸಿಯಂ ಕೊಡುವ ಕ್ಯಾಲ್ಸಿಯಂ ಸಲ್ಫೇಟ್. ಒಂದು ಲಕ್ಷ ಲೀಟರ್ ನೀರಿನಲ್ಲಿ ಆರ್‌ಎಸ್‌ಸಿ ಒಂದು ಅಂಕ ಇಳಿಸಲು 8.6 ಕೆ.ಜಿ. ಶುದ್ಧ ಜಿಪ್ಸಂ ಬೇಕು. ನೀವು 4ರಿಂದ 2.5ಕ್ಕೆ ಇಳಿಸಲು ಸುಮಾರು 13 ಕೆ.ಜಿ., ಅಂಗಡಿಯ ಜಿಪ್ಸಂ ನೂರಕ್ಕೆ 70 ಶುದ್ಧ ಅಂದುಕೊಂಡರೆ 18 ಕೆ.ಜಿ. ಅದು ಎಕರೆಗೆ ಒಂದು ಇಂಚು ನೀರಿಗೆ. ಮೂರು ಇಂಚು ಹಾಯಿಸಿದರೆ ಒಂದು ಚೀಲದ ಮೇಲಾಯಿತು. ಕಬ್ಬಿನಂಥ ನೀರುಬಾಕ ಬೆಳೆಗೆ ವರ್ಷಪೂರ್ತಿ ಈ ಲೆಕ್ಕ ಹಾಕಿದರೆ ಎಷ್ಟು ಚೀಲ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಈ ನೀರಿಗೆ ಎಕರೆಗಟ್ಟಲೆ ಕಬ್ಬು ಬೇಡ ಅನ್ನುವುದು ನನ್ನ ಅಭಿಪ್ರಾಯ. ಇದ್ದ ಕಬ್ಬಿಗಾದರೆ ಮಳೆಗಾಲದ ಮೊದಲು ಜಿಪ್ಸಂ ಹರಡಿ ಕುಂಟೆ ಹೊಡೆಯಿರಿ, ಮಳೆ ಕರಗಿಸಿ ಒಳಗೆ ಇಳಿಸುತ್ತದೆ. ನೀರು ಬೀಳುವ ತೊಟ್ಟಿಯಲ್ಲಿ ಜಿಪ್ಸಂ ಹೆಂಟೆ ತುಂಬಿ ಅದರ ಮೂಲಕ ನೀರು ಹಾಯಿಸುವ ರೂಢಿಯೂ ಇದೆ. ಡ್ರಿಪ್ ಇದ್ದರೆ ಪುಡಿಯನ್ನು ನೀರಿಗೆ ಕಲಸಬೇಡಿ, ತೂತು ಕಟ್ಟುತ್ತದೆ. ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ಹಾಕಿ ಪ್ರಯೋಜನ ಕಡಿಮೆ, ಬಿಡಿಸಿದ ಸೋಡಿಯಂ ಹೊರಗೆ ಹೋಗಲು ದಾರಿ ಬೇಕಲ್ಲ. ಮತ್ತೆ, ಜಿಪ್ಸಂ ಬದಲು ಸುಣ್ಣ ಹಾಕಬೇಡಿ. ಎರೆಯಲ್ಲಿ ಸುಣ್ಣದ ಹರಳು ಮೊದಲೇ ಬೇಕಾದಷ್ಟಿದೆ, ಕರಗುವುದಿಲ್ಲ ಅನ್ನುವುದೇ ತೊಂದರೆ.

ಪ್ರಶ್ನೆ: ನೀರು ಪರೀಕ್ಷೆಗೆ ಹೇಗೆ ತಗೊಂಡು ಹೋಗಬೇಕು? ಎಲ್ಲಿ?
— ಇಂಡಿಯ ಲಿಂಬೆ ಬೆಳೆಗಾರ

ಉತ್ತರ: ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಕುಡಿಯುವ ನೀರಿನದು. ಔಷಧಿಯ ಡಬ್ಬಿ, ಎಣ್ಣೆಯ ಡಬ್ಬಿ ಬೇಡವೇ ಬೇಡ. ಪಂಪು ಅರ್ಧ ತಾಸು ಓಡಲಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಅದೇ ನೀರಿನಿಂದ ಬಾಟಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ ಮುಚ್ಚಿ. ಹೊಂಡದಿಂದಲ್ಲ, ಬೋರಿನ ಬಾಯಿಂದ. ಎರಡು ಬೋರು ಇದ್ದರೆ ಎರಡು ಬಾಟಲಿ. ಅದೇ ದಿನ ಇಲ್ಲವೇ ಮರುದಿನ ತಲುಪಿಸಿ.

ಈ ಕೊನೆಯ ಮಾತು ಅನುಭವದ್ದು. ನಾನು ಒಂದು ಸಲ ಎರಡು ಬಾಟಲಿ ತುಂಬಿ ಗಾಡಿಯ ಹಿಂದೆ ಇಟ್ಟು ಮರೆತುಬಿಟ್ಟೆ. ಹತ್ತು ದಿನದ ಮೇಲೆ ಮೇ ತಿಂಗಳ ಬಿಸಿಲಲ್ಲಿ ಬೆಂದ ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿತ್ತು. ಆದರೂ ನಾಚಿಕೆ ಬಿಟ್ಟು ಲ್ಯಾಬಿಗೆ ಕೊಟ್ಟೆ. ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎರಡೂ ಕಡಿಮೆ ಬಂದವು. ಬಾಟಲಿಯಲ್ಲೇ ಸುಣ್ಣವಾಗಿ ಕೂತದ್ದು ವರದಿಯಲ್ಲಿ ಎಲ್ಲಿಂದ ಬರಬೇಕು!

ವಿಜಯಪುರದವರಿಗೆ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಹೋಗುವ ಮೊದಲು ಫೋನು ಮಾಡಿ ಯಾವ ಯಾವ ಪರೀಕ್ಷೆ ಮಾಡುತ್ತಾರೆ ಎಂದು ಕೇಳಿ. ಲಿಂಬೆ ಉಪ್ಪಿಗೂ ಬೋರಾನಿಗೂ ಬಹಳ ಸೂಕ್ಷ್ಮ, ನೀವು ಬೋರಾನನ್ನೂ ಸೇರಿಸಿ ಕೇಳಿ. ಲೀಟರಿಗೆ 0.5 ಮಿಲಿಗ್ರಾಂ ದಾಟಿದರೆ ಎಚ್ಚರ. ವರ್ಷಕ್ಕೆ ಎರಡು ಸಲ ಮಾಡಿಸಿ, ಮೇನಲ್ಲಿ ಒಂದು, ಮಳೆ ಮುಗಿದ ಮೇಲೆ ಒಂದು. ಎರಡರ ನಡುವೆ ಅಂತರ ದೊಡ್ಡದಿದ್ದರೆ ನಿಮ್ಮ ಬೋರಿಗೆ ಮಳೆ ನೀರು ಸೇರುತ್ತಿದೆ ಅಂತಲೂ ತಿಳಿಯಬಹುದು.

ಪ್ರಶ್ನೆ: ನಮ್ಮ ಹೊಲ ಡೋಣಿ ದಂಡೆಯ ಹತ್ತಿರ. ಬೋರಿನ ನೀರು ಬಾಯಿಗೆ ಇಡೋಕಾಗಲ್ಲ. ಇನ್ನೂ ಇನ್ನೂರು ಅಡಿ ಕೆಳಗೆ ಹೋದರೆ ಸಿಹಿ ನೀರು ಸಿಗುತ್ತಾ? ಇಲ್ಲ ಅಂದರೆ ಪೈಪಿಗೆ ಅಯಸ್ಕಾಂತ ಕಟ್ಟಿ ಉಪ್ಪು ತೆಗೆಯುವ ಯಂತ್ರ ಮಾರಲು ಬಂದಿದ್ದರು, ಅದನ್ನು ಹಾಕಿಸಲಾ?
— ತಾಳಿಕೋಟೆ ಕಡೆಯ ರೈತ

ಉತ್ತರ: ಡೋಣಿಯ ನೀರೇ ಸವಳು, ಅದು ನಿಮಗೆ ನಾನು ಹೇಳಬೇಕಿಲ್ಲ. ಆಳಕ್ಕೆ ಹೋದ ನೀರು ಕಲ್ಲಿನ ಸಂದಿಯಲ್ಲಿ ಜಾಸ್ತಿ ವರ್ಷ ಕೂತ ನೀರು, ಕಲ್ಲಿನ ಉಪ್ಪನ್ನೂ ಜಾಸ್ತಿ ಕರಗಿಸಿಕೊಂಡಿರುತ್ತದೆ. ಸಿಹಿ ಸಿಗಲೂಬಹುದು, ಇನ್ನೂ ಉಪ್ಪು ಸಿಗಲೂಬಹುದು. ಸಾಲ ಮಾಡಿ ಆಡುವ ಜೂಜಲ್ಲ ಅದು. ಸುತ್ತಮುತ್ತ ಅಷ್ಟು ಆಳದ ಬೋರು ಇದ್ದರೆ ಅದರ ನೀರಿಗೆ ಮೊದಲು ಮೀಟರ್ ಅದ್ದಿ ನೋಡಿ.

ಅಯಸ್ಕಾಂತ ನೀರಿನಿಂದ ಒಂದು ಗ್ರಾಂ ಉಪ್ಪನ್ನೂ ತೆಗೆಯುವುದಿಲ್ಲ. ಮಾರಲು ಬಂದವರ ಎದುರೇ ಯಂತ್ರದ ಹಿಂದಿನ ನೀರಿಗೆ, ಮುಂದಿನ ನೀರಿಗೆ ಪೆನ್ನು ಅದ್ದಿ. ಎರಡೂ ಒಂದೇ ತೋರಿಸಿದರೆ ಚಹಾ ಕುಡಿಸಿ ಕಳಿಸಿ.

ಆ ದುಡ್ಡಿಗೆ ಕೃಷಿ ಹೊಂಡ ತೋಡಿಸಿ, ಮಳೆ ನೀರು ಹಿಡಿಯಿರಿ. ಉಪ್ಪು ನೀರಿಗೂ ಬರುವ ಬೆಳೆ ಇವೆ. ಮೇಲೆ ಹೇಳಿದ 1985ರ ಕೋಷ್ಟಕದಲ್ಲೇ ಗೋದಿ ನೀರಿನ ಇಸಿ 4ರ ತನಕ, ಜೋಳ 4.5ರ ತನಕ, ಹತ್ತಿ 5ರ ತನಕ ಇಳುವರಿ ಬಿಟ್ಟುಕೊಡುವುದಿಲ್ಲ. ಮೊಳಕೆಯ ಹೊತ್ತಿನಲ್ಲಿ ಮಾತ್ರ ಅವೂ ಕೂಸುಗಳೇ, ಆಗ ಹೊಂಡದ ನೀರು ಕೊಡಿ, ಬೆಳೆದ ಮೇಲೆ ಬೋರಿನದು. ಡೋಣಿ ಬಯಲಿನಲ್ಲಿ ಹಿರಿಯರು ಬಿಳಿಜೋಳ ಹಿಡಿದುಕೊಂಡಿದ್ದು ಸುಮ್ನೆ ಅಲ್ಲ.

ಪ್ರಶ್ನೆ: ಮುಳವಾಡ ಏತ ನೀರಾವರಿಯ ಕಾಲುವೆ ನೀರು ಈಗ ಬರ್ತಿದೆ, ಬೋರೂ ಇದೆ. ಬೋರಿನ ಇಸಿ 2.4, ಕಾಲುವೆಯದು 0.4. ಎರಡನ್ನೂ ಹೊಂಡದಲ್ಲಿ ಕೂಡಿಸಿ ಉಳ್ಳಾಗಡ್ಡಿಗೆ ಹಾಯಿಸಬಹುದಾ?
— ಬಸವನ ಬಾಗೇವಾಡಿ ತಾಲೂಕು

ಉತ್ತರ: ಅರ್ಧಕ್ಕರ್ಧ ಕೂಡಿಸಿದರೆ 1.4 ಆಗುತ್ತದೆ. ಉಳ್ಳಾಗಡ್ಡಿ 0.8ಕ್ಕೇ ಮುನಿಸಿಕೊಳ್ಳುವ ಬೆಳೆ, 1.8ಕ್ಕೆ ಕಾಲು ಭಾಗ ಇಳುವರಿ ಹೋಗುತ್ತದೆ. ಅಂದರೆ ಒಳ್ಳೆಯ ನೀರನ್ನೂ ಕೆಡಿಸಿದಂತಾಯಿತು. 0.8ಕ್ಕೆ ತರಬೇಕೆಂದರೆ ಒಂದು ಪಾಲು ಬೋರಿಗೆ ನಾಲ್ಕು ಪಾಲು ಕಾಲುವೆ ನೀರು ಬೇಕು. ಕಾಲುವೆ ನೀರು ಅಷ್ಟಿದ್ದರೆ ಉಳ್ಳಾಗಡ್ಡಿಗೆ ಅದೊಂದನ್ನೇ ಕೊಡಿ, ಬೋರನ್ನು ಪಕ್ಕದ ಜೋಳ, ಗೋದಿಗೆ ತಿರುಗಿಸಿ. ಕಾಲುವೆ ಬಂದ್ ಆದಾಗ ಉಳ್ಳಾಗಡ್ಡಿಗೆ ಬೋರು ಹಾಯಿಸಲೇಬೇಕಾದರೆ ಗಡ್ಡೆ ಕಟ್ಟಿದ ಮೇಲೆ ಹಾಯಿಸಿ, ಸಸಿ ನಾಟಿದ ಹೊಸದರಲ್ಲಿ ಬೇಡ. ಬೋರಿನ ಆರ್‌ಎಸ್‌ಸಿ ಎಷ್ಟು ಅಂತ ನೀವು ಬರೆದಿಲ್ಲ, ಅದು ಗೊತ್ತಾದ ಮೇಲೆ ಇನ್ನೊಂದು ಕಾರ್ಡು ಹಾಕಿ.